ಸೊಪ್ಪು ಕೇಳಿದರೆ ಉಪ್ಪು ತಂದರು!

ನಮ್ಮ ಮನೆಯ ಅಡುಗೆಮನೆಯಲ್ಲಿ ಕಳೆದ ದಸರಾ ಹೊತ್ತಿಗೆ ಐದು ಪ್ಯಾಕೆಟ್ ಉಪ್ಪು ಕೂಡಿಹೋಗಿತ್ತು. ಅದರಲ್ಲಿ ನಾಲ್ಕು ನನ್ನ ಕೊಡುಗೆ. ನನ್ನಾಕೆ ಒಳಗಿನಿಂದ "ರೀ, ಸೊಪ್ಪು ತರ್ತೀರಾ?" ಎಂದು ಕೂಗುತ್ತಾಳೆ. ನನ್ನ ಕಿವಿಗೆ ಅದು "ಉಪ್ಪು ತರ್ತೀರಾ?" ಎಂದು ಬೀಳುತ್ತದೆ. ನಾನು ಬೀದಿ ಕೊನೆಯ ಅಂಗಡಿಗೆ ಹೋಗಿ ವಿಧೇಯನಾಗಿ ಉಪ್ಪು ತಂದುಕೊಡುತ್ತೇನೆ. ಎಪ್ಪತ್ತು ದಾಟಿದವನಿಗೆ ಇದು ಸಹಜ ಎಂದು ಮನೆಯವರೆಲ್ಲ ನಕ್ಕು ಸುಮ್ಮನಾಗಿದ್ದರು. ಕಿವಿಗೆ ಯಂತ್ರ ಹಾಕಿಸಿಕೊಂಡ ಮೇಲೆ ಉಪ್ಪಿನ ಕಾಟ ಕಡಿಮೆಯಾಗಿದೆ. ಯಂತ್ರ ತೆಗೆದಿಟ್ಟು ಕೂತಾಗ ಮಾತ್ರ ಹಳೇ ಕಥೆಯೇ.

ಆದರೆ ಐದನೆಯ ಪ್ಯಾಕೆಟ್ ನಾನು ತಂದದ್ದಲ್ಲ. ಅದನ್ನು ತಂದವನು ನನ್ನ ಮಗಳ ಮಗ. ವಯಸ್ಸು 24. ಬೆಂಗಳೂರಿನಲ್ಲಿ ಕೆಲಸ. ಹಬ್ಬದ ರಜೆಗೆಂದು ಮೈಸೂರಿಗೆ ಬಂದಿದ್ದ. ಅಜ್ಜಿ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಾ "ಮಗು, ಸ್ವಲ್ಪ ಸೊಪ್ಪು ತಗೊಂಡು ಬಾರೋ" ಎಂದಳು. ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಉಪ್ಪು ತಂದ.

ನನ್ನಾಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. "ತಾತನ ಮೊಮ್ಮಗನೇ ಸರಿ" ಎಂದಳು. ಮಗನ ಮಗಳು ಪುಟ್ಟಿ, ಐದನೆಯ ತರಗತಿ ಓದುತ್ತಿರುವವಳು, ಕುಣಿದಾಡಿಬಿಟ್ಟಳು. ನಾನು ಮಾತ್ರ ನಗಲಿಲ್ಲ. ಹುಡುಗನ ಮುಖ ನೋಡಿದೆ. ಅವನೂ ನಗುತ್ತಿರಲಿಲ್ಲ.

ರಾತ್ರಿ ಊಟವಾದ ಮೇಲೆ ಜಗುಲಿಯಲ್ಲಿ ಕೂತಾಗ ಕೇಳಿದೆ. ಮೊದಲು "ಏನಿಲ್ಲ ತಾತ" ಎಂದ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದ. ಗಣೇಶನ ವಿಸರ್ಜನೆಯ ದಿನ ಗೆಳೆಯರ ಜೊತೆ ಡಿಜೆ ಮುಂದೆ ಮೂರು ಗಂಟೆ ಕುಣಿದಿದ್ದನಂತೆ. ಆಳೆತ್ತರದ ಸ್ಪೀಕರುಗಳು, ಅವುಗಳಿಂದ ನಾಲ್ಕು ಮಾರು ದೂರದಲ್ಲಿ ಇವರು. ಮನೆಗೆ ಬಂದಾಗ ಕಿವಿಗೆ ಹತ್ತಿ ತುರುಕಿದ ಹಾಗಿತ್ತು, ಒಳಗೆ ಗುಂಯ್ ಎಂಬ ಸದ್ದು. ಬೆಳಗಾದರೆ ಸರಿಹೋಗುತ್ತದೆ ಅಂದುಕೊಂಡ. ಹತ್ತಿ ತುರುಕಿದಂಥ ಭಾವ ಎರಡು ದಿನಕ್ಕೆ ಹೋಯಿತು. ಗುಂಯ್ ಸದ್ದು ಹೋಗಲಿಲ್ಲ.

"ಈಗಲೂ ಇದೆಯಾ?" ಎಂದೆ.

"ಈಗ ನೀವು ಮಾತಾಡ್ತಾ ಇದೀರಲ್ಲ, ಅದಕ್ಕೆ ಗೊತ್ತಾಗಲ್ಲ. ಮಲಗಿದಾಗ ಜೋರಾಗುತ್ತೆ. ಅದು ಕೇಳಬಾರದು ಅಂತ ಇಯರ್‌ಫೋನ್ ಹಾಕ್ಕೊಂಡು ಹಾಡು ಇಟ್ಕೊಂಡೇ ನಿದ್ದೆ ಮಾಡ್ತೀನಿ ತಾತ" ಎಂದ.

ಬೆಂಕಿ ಆರಿಸಲು ಎಣ್ಣೆ ಸುರಿದ ಹಾಗಾಯಿತಲ್ಲ ಎಂದುಕೊಂಡೆ. ಅವನು ಪಿಯುಸಿ ಪಾಸಾದಾಗ ತಲೆಗೆ ಹಾಕಿಕೊಳ್ಳುವ ಮೊದಲ ಹೆಡ್‌ಫೋನು ಕೊಡಿಸಿದವನು ನಾನೇ. ಅಂಗಡಿಯವನನ್ನು "ಸೌಂಡ್ ಚೆನ್ನಾಗಿ ಬರುತ್ತೇನಪ್ಪಾ?" ಎಂದು ಕೇಳಿದವನೂ ನಾನೇ.

ಎರಡು ಗೆರೆಗಳ ಕಥೆ

ಮಾರನೆಯ ದಿನವೇ ನಮ್ಮ ಕಿವಿ, ಮೂಗು, ಗಂಟಲು ವೈದ್ಯರ ಹತ್ತಿರ ಇಬ್ಬರೂ ಹೋದೆವು. ವೈದ್ಯರು ಮೊದಲು ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ಗುಗ್ಗೆ ಕಟ್ಟಿಕೊಂಡಿದ್ದರೂ ಕೇಳಿಸುವುದಿಲ್ಲವಲ್ಲ, ಹಾಗೇನಾದರೂ ಇದೆಯೇ ಎಂದು. ಅದಿರಲಿಲ್ಲ. ತಮಟೆಯೂ ಚೆನ್ನಾಗಿತ್ತು. ಆಮೇಲೆ ಶಬ್ದ ಬಾರದ ಪುಟ್ಟ ಕೋಣೆಯಲ್ಲಿ ಕೂರಿಸಿ ಶ್ರವಣ ಪರೀಕ್ಷೆ ಮಾಡಿಸಿದರು. ಕಿವಿಗೆ ಬೇರೆಬೇರೆ ಸ್ವರಗಳನ್ನು ಸಣ್ಣಗೆ ಬಿಡುತ್ತಾರೆ. ಕೇಳಿಸಿದ ಕೂಡಲೇ ಗುಂಡಿ ಒತ್ತಬೇಕು, ಅಷ್ಟೇ. ನೋವಿಲ್ಲ, ಸೂಜಿಯಿಲ್ಲ.

ಪರೀಕ್ಷೆಯ ಫಲ ಒಂದು ಕಾಗದದ ಮೇಲೆ ಗೆರೆಯಾಗಿ ಬರುತ್ತದೆ. ಅದಕ್ಕೆ ಆಡಿಯೋಗ್ರಾಮ್ ಎನ್ನುತ್ತಾರೆ. ಎಡಗಡೆ ತಗ್ಗು ಸ್ವರಗಳು, ಬಲಗಡೆಗೆ ಹೋದಂತೆ ಕೀಚಲು ಸ್ವರಗಳು. ಗೆರೆ ಮೇಲಿದ್ದರೆ ಕಿವಿ ಚುರುಕು, ಕೆಳಗಿಳಿದಷ್ಟೂ ಮಂದ. ನನ್ನ ಹಳೆಯ ಕಾಗದವನ್ನೂ ಅವನ ಹೊಸ ಕಾಗದವನ್ನೂ ವೈದ್ಯರು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ನನ್ನ ಗೆರೆ ಚಾಮುಂಡಿ ಬೆಟ್ಟ ಇಳಿದ ಹಾಗೆ ಬಲಕ್ಕೆ ಹೋಗುತ್ತಾ ಇಳಿಯುತ್ತಲೇ ಹೋಗಿತ್ತು. ಅದು ವಯಸ್ಸಿನ ಗೆರೆ. ಅವನದು ಎಡದಿಂದ ನೇರವಾಗಿ ಬಂದು, 4000 ಹರ್ಟ್ಸ್ ಎಂಬಲ್ಲಿ ದಿಢೀರನೆ ಹಳ್ಳಕ್ಕೆ ಬಿದ್ದು, ಮತ್ತೆ ಮೇಲೆದ್ದಿತ್ತು.

"ಈ ಹಳ್ಳ ನೋಡಿದರೆ ನಾವು ಕೇಳುವ ಮೊದಲ ಪ್ರಶ್ನೆಯೇ, ಜೋರು ಸದ್ದಿನಲ್ಲಿ ಇದ್ದಿರಾ ಅಂತ" ಎಂದರು ವೈದ್ಯರು. ಕಾರ್ಖಾನೆಯಲ್ಲಿ, ಬಂದೂಕಿನ ಪಕ್ಕದಲ್ಲಿ ಕೆಲಸ ಮಾಡುವವರ ಕಾಗದದಲ್ಲಿ ಈ ಹಳ್ಳ ಕಾಣುತ್ತಿತ್ತಂತೆ. ಈಗ ಕಾಲೇಜು ಹುಡುಗರ ಕಾಗದದಲ್ಲೂ ಕಾಣುತ್ತಿದೆಯಂತೆ.

ಸೊಪ್ಪು ಉಪ್ಪಾಗುವುದೇಕೆ ಎಂದು ಆಗ ಅರ್ಥವಾಯಿತು. ಅ, ಆ, ಉ, ಓ ಮುಂತಾದ ಸ್ವರಾಕ್ಷರಗಳು ತಗ್ಗು ಸ್ವರದವು, ಗಟ್ಟಿಯಾಗಿ ಕೇಳುತ್ತವೆ. ಸ, ಶ, ತ, ಕ ಇವೆಲ್ಲ ಗಾಳಿಯಲ್ಲಿ ಸುಯ್ದಂತೆ ಬರುವ ಕೀಚಲು, ಮೆಲು ಸದ್ದುಗಳು. ಕೀಚಲು ಸ್ವರ ಹಿಡಿಯುವ ಶಕ್ತಿ ಕುಂದಿದವನಿಗೆ ಮಾತು ಕೇಳುತ್ತದೆ, ಏನು ಮಾತೆಂದು ತಿಳಿಯುವುದಿಲ್ಲ. ಸೊಪ್ಪಿನ 'ಸ' ಬಿದ್ದುಹೋದರೆ ಉಳಿಯುವುದು ಹೆಚ್ಚು ಕಡಿಮೆ ಉಪ್ಪೇ! ಅಜ್ಜ ಅಜ್ಜಿಯರು "ಕೇಳಿಸುತ್ತೆ, ಆದರೆ ನೀವು ಗೊಣಗ್ತೀರಿ, ಬಿಡಿಸಿ ಹೇಳಿ" ಎಂದು ಸಿಡುಕುವುದಕ್ಕೂ ಇದೇ ಕಾರಣ. ಮಕ್ಕಳೇ, ಅದು ಹಟವಲ್ಲ.

ಕಡಲೆಕಾಳಿನಷ್ಟು ಗಾತ್ರದ ಬಸವನಹುಳು

ಕಿವಿಯೊಳಗೆ ಏನಿದೆ ಎಂಬುದನ್ನು ಒಂದಿಷ್ಟು ನೋಡೋಣ. ಹೊರಗೆ ಕಾಣುವ ಹಾಲೆ ಬರೀ ಆಲಿಕೆ ಇದ್ದಂತೆ, ಸದ್ದನ್ನು ಒಳಕ್ಕೆ ಹೊಯ್ಯುತ್ತದೆ. ಸದ್ದು ತಮಟೆಯನ್ನು ಅಲುಗಿಸುತ್ತದೆ. ತಮಟೆಗೆ ಅಂಟಿಕೊಂಡು ಮೂರು ಮೂಳೆಗಳಿವೆ. ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಪಾಠದಲ್ಲಿ ಓದಿರುತ್ತೀರಿ. ರಿಕಾಪು ನಮ್ಮ ದೇಹದಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್, ಒಂದು ಅಕ್ಕಿಕಾಳಿಗಿಂತಲೂ ಚಿಕ್ಕದು. ಅದು ಒಳಗಿವಿಯ ಬಾಗಿಲು ತಟ್ಟುತ್ತದೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಕೊಳವೆಯಿದೆ. ಅದರ ಹೆಸರು ಕಾಕ್ಲಿಯ. ಗಾತ್ರ ಒಂದು ಕಡಲೆಕಾಳಿನಷ್ಟು. ಅದರೊಳಗೆ ನೀರಿನಂಥ ದ್ರವ, ಆ ದ್ರವದಲ್ಲಿ ಸಾಲುಸಾಲಾಗಿ ನಿಂತ ಸುಮಾರು 15,000 ರೋಮಕೋಶಗಳು. ಒಂದೊಂದರ ತಲೆಯ ಮೇಲೂ ಕಣ್ಣಿಗೆ ಕಾಣದ ಕೂದಲ ಕುಚ್ಚು. ಸದ್ದು ಬಂದಾಗ ದ್ರವ ಅಲುಗುತ್ತದೆ, ಕುಚ್ಚು ಬಾಗುತ್ತದೆ, ಕೋಶ ವಿದ್ಯುತ್ ಸಂದೇಶವನ್ನು ನರದ ಮೂಲಕ ಮಿದುಳಿಗೆ ಕಳಿಸುತ್ತದೆ. ಆಗಲೇ ನಮಗೆ "ಕೇಳಿಸಿತು".

ಮಂಡ್ಯದ ಕಡೆ ಭತ್ತದ ಗದ್ದೆ ನೋಡಿದ್ದೀರಲ್ಲ? ತಂಗಾಳಿ ಬೀಸಿದರೆ ಪೈರು ಬಾಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಬಿರುಗಾಳಿ ಬಂದರೆ ಪೈರು ಮಲಗಿಬಿಡುತ್ತದೆ. ಒಂದಿಷ್ಟು ಬಿಸಿಲು ಬಿದ್ದ ಮೇಲೆ ಸ್ವಲ್ಪ ಎದ್ದೀತು, ಬುಡವೇ ಮುರಿದದ್ದು ಏಳುವುದಿಲ್ಲ. ರೋಮಕೋಶಗಳದ್ದೂ ಇದೇ ಪಾಡು. ಜೋರು ಸದ್ದಿನ ಮಾರನೆಯ ದಿನ ಕಿವಿ ಮಂಕಾಗಿ, ಒಂದೆರಡು ದಿನದಲ್ಲಿ ಸರಿಹೋದರೆ ಅದು ಬಾಗಿ ಎದ್ದ ಪೈರು. ಆದರೆ ಪದೇಪದೇ ಹೀಗೆ ಮಲಗಿಸುತ್ತಾ ಹೋದರೆ ಒಂದು ದಿನ ಏಳುವುದಿಲ್ಲ.

ಗದ್ದೆಯಾದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಕಿವಿಯಲ್ಲಿ ನಾಟಿ ಇಲ್ಲ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ತಮಾಷೆಯೆಂದರೆ ಕೋಳಿ ಮತ್ತು ಇತರ ಹಕ್ಕಿಗಳಲ್ಲಿ ಅವು ಮತ್ತೆ ಹುಟ್ಟುತ್ತವೆ. 1980ರ ದಶಕದಲ್ಲಿ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ಅದೇ ಗುಟ್ಟನ್ನು ಮನುಷ್ಯನ ಕಿವಿಗೂ ಕಲಿಸಬಹುದೇ ಎಂದು ಅಂದಿನಿಂದ ಸಂಶೋಧನೆ ನಡೆಯುತ್ತಲೇ ಇದೆ. ಸದ್ಯಕ್ಕಂತೂ ಕೋಳಿಗಿರುವ ಭಾಗ್ಯ ನಮಗಿಲ್ಲ.

ಠೇವಣಿ ಇಡಲಾಗದ ಖಾತೆ

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವೈದ್ಯರು ಹೇಳಿದ ಡೆಸಿಬೆಲ್ ಲೆಕ್ಕ ನನಗೆ ಖಾತೆಯ ಪುಸ್ತಕದ ಹಾಗೇ ಕಂಡಿತು. ಹುಟ್ಟಿದಾಗ ದೇವರು ಒಂದು ಮೊತ್ತ ಹಾಕಿ ಖಾತೆ ತೆರೆದುಕೊಟ್ಟಿದ್ದಾನೆ. ಅದರಿಂದ ತೆಗೆಯಬಹುದೇ ಹೊರತು ತುಂಬಲಾಗುವುದಿಲ್ಲ. ನಾನು ಎಪ್ಪತ್ತು ವರ್ಷದಲ್ಲಿ ಚೂರುಚೂರೇ ತೆಗೆದದ್ದನ್ನು ಮೊಮ್ಮಗ ಇಪ್ಪತ್ತನಾಲ್ಕಕ್ಕೇ ತೆಗೆಯಲು ಶುರುಮಾಡಿದ್ದಾನೆ.

ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬೆಲ್ ಎಂದು ಹೆಸರು. ಪಿಸುಮಾತು ಸುಮಾರು 30, ಮಾಮೂಲಿ ಮಾತುಕತೆ 60, ವಾಹನ ದಟ್ಟಣೆಯ ರಸ್ತೆ 80ರ ಆಸುಪಾಸು, ತೀರಾ ಹತ್ತಿರ ನಿಂತರೆ ಮಿಕ್ಸಿಯ ಸದ್ದು 85ರ ಆಸುಪಾಸು. ಮೆರವಣಿಗೆಯ ಡಿಜೆ ಮುಂದೆ ನಿಂತರೆ 100 ದಾಟುವುದು ಸಾಮಾನ್ಯ. ಮೊಬೈಲಿನ ಸದ್ದನ್ನು ಪೂರ್ತಿ ಏರಿಸಿದರೆ ಕಿವಿಯೊಳಗಿನ ಇಯರ್‌ಫೋನ್ ಕೂಡ 100 ದಾಟಬಲ್ಲದು.

ಇಲ್ಲಿ ಒಂದು ಮೋಸವಿದೆ, ಗಮನವಿಟ್ಟು ಓದಿ. 80ಕ್ಕೂ 90ಕ್ಕೂ ಬರೀ ಹತ್ತು ಹೆಚ್ಚು ಎಂದು ಕಾಣುತ್ತದೆ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಏರುತ್ತದೆ. ಮೂರು ಏರಿದರೆ ಎರಡು ಪಟ್ಟು. ಚಕ್ರಬಡ್ಡಿಯಂತೆ, ನೋಡಲು ಸಣ್ಣದು, ಬೆಳೆದು ನಿಂತಾಗ ಎದೆ ಒಡೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹಾಕಿಕೊಟ್ಟಿರುವ ಮಿತಿ ಹೀಗಿದೆ: 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ವಾರಕ್ಕೆ 4 ಗಂಟೆ ಮಾತ್ರ. ಪುಟಾಣಿಗಳೇ, ಇನ್ನು 100ಕ್ಕೆ ಎಷ್ಟು ಎಂದು ನೀವೇ ಹೇಳಿ. 4 ಗಂಟೆಯ ಹತ್ತನೆಯ ಒಂದು ಭಾಗ, ಅಂದರೆ 24 ನಿಮಿಷ. ಸಂಸ್ಥೆ ಅದನ್ನು 20 ನಿಮಿಷಕ್ಕೆ ಇಳಿಸಿ ಹೇಳುತ್ತದೆ. ಅದೂ ದಿನಕ್ಕಲ್ಲ, ಇಡೀ ವಾರಕ್ಕೆ! ಮಕ್ಕಳಿಗಂತೂ ಇನ್ನೂ ಬಿಗಿ. 40 ಗಂಟೆಯ ಮಿತಿ 75 ಡೆಸಿಬೆಲ್‌ಗೇ ಮುಗಿಯುತ್ತದೆ.

ಈಗ ಮೊಮ್ಮಗನ ಖಾತೆ ಬರೆಯೋಣ. ಡಿಜೆ ಸದ್ದನ್ನು ಕಡಿಮೆಯೆಂದರೂ 100 ಎಂದೇ ಇಟ್ಟುಕೊಂಡರೆ, ಮೂರು ಗಂಟೆ ಎಂದರೆ 180 ನಿಮಿಷ. ವಾರಕ್ಕೆ 20 ನಿಮಿಷದಂತೆ ಒಂಬತ್ತು ವಾರದ ಪಾಲನ್ನು ಒಂದೇ ಸಂಜೆಯಲ್ಲಿ ತೆಗೆದಿದ್ದಾನೆ. ಅದಲ್ಲದೆ ಆಫೀಸಿಗೆ ಬಸ್ಸಿನಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಬಸ್ಸಿನ ಗದ್ದಲ ಮೀರಿ ಹಾಡು ಕೇಳಬೇಕೆಂದು ಸದ್ದು ಏರಿಸುತ್ತಾನೆ. ಅದು 90 ಎಂದುಕೊಂಡರೆ ವಾರದ ಐದು ದಿನಕ್ಕೆ 15 ಗಂಟೆ. ಮಿತಿ ಇರುವುದು 4 ಗಂಟೆ. ಬ್ಯಾಂಕಿನಲ್ಲಾಗಿದ್ದರೆ ಇಂಥ ಚೆಕ್ಕನ್ನು ಕೌಂಟರಿನಲ್ಲೇ ವಾಪಸ್ಸು ಮಾಡುತ್ತಿದ್ದೆವು. ಕಿವಿ ಪಾಪ, ಎಲ್ಲ ಚೆಕ್ಕನ್ನೂ ಪಾಸು ಮಾಡುತ್ತದೆ. ಖಾಲಿಯಾದ ಮೇಲೆ ತಿಳಿಸುತ್ತದೆ.

ಅವನೊಬ್ಬನ ಕಥೆಯಲ್ಲ. 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಮಂದಿ ಜೋರು ಸದ್ದಿನ ಮನರಂಜನೆಯಿಂದ ಕಿವಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ.

ಇಬ್ಬರಿಗಾಗಿ ಬಂದ ಯಂತ್ರ ಒಬ್ಬನದಾಯಿತು

ಕಿವಿಗೆ ಹಾಡು ಕಟ್ಟಿಕೊಂಡು ಓಡಾಡುವ ಈ ಪದ್ಧತಿ ಶುರುವಾದದ್ದು 1979ರಲ್ಲಿ. ಜಪಾನಿನ ಸೋನಿ ಕಂಪನಿ ಆ ವರ್ಷದ ಜುಲೈ 1ರಂದು ವಾಕ್‌ಮನ್ ಎಂಬ ಪುಟ್ಟ ಕ್ಯಾಸೆಟ್ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಆ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸಲು ಎರಡು ತೂತುಗಳಿದ್ದವು, ಇಬ್ಬರು ಕೂತು ಒಂದೇ ಹಾಡು ಕೇಳಲಿ ಎಂದು. ನಡುವೆ ಮಾತಾಡಬೇಕಾದರೆ ಒತ್ತಲು ಒಂದು ಗುಂಡಿ ಬೇರೆ. ಕಾಲ ಕಳೆದಂತೆ ಎರಡನೆಯ ತೂತೂ ಹೋಯಿತು, ಮಾತಿನ ಗುಂಡಿಯೂ ಹೋಯಿತು. ಈಗ ಒಂದೇ ಸೋಫಾದ ಮೇಲೆ ನಾಲ್ವರು ಕೂತಿದ್ದರೆ ನಾಲ್ಕು ಜೊತೆ ಬಿರಡೆ.

ನಮ್ಮ ಕಾಲದವರು ಸಾಧುಗಳಾಗಿದ್ದೆವು ಎಂದು ನಾನು ಹೇಳುವುದಿಲ್ಲ. ಮದುವೆ ಮನೆಯ ಕಹಳೆ ಸ್ಪೀಕರಿಗೆ ಕಿವಿಕೊಟ್ಟು ನಿಂತವರೇ ನಾವೂ. ದೀಪಾವಳಿಯಲ್ಲಿ ಆಟಂಬಾಂಬು ಹಚ್ಚಿ ಎರಡೇ ಹೆಜ್ಜೆ ಹಿಂದೆ ಸರಿದು ಗಂಡಸುತನ ತೋರಿಸಿದವರು. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು ಎಂಬ ನಿಯಮ ಬಂದದ್ದೇ 1999ರಲ್ಲಿ. ವ್ಯತ್ಯಾಸ ಇಷ್ಟೇ: ನಮ್ಮ ಗದ್ದಲ ವರ್ಷಕ್ಕೆ ನಾಲ್ಕು ದಿನ ಬಂದು ಹೋಗುತ್ತಿತ್ತು. ಇವರದು ದಿನಾ ಕಿವಿಯೊಳಗೇ ಮನೆ ಮಾಡಿಕೊಂಡಿದೆ.

ಹಾಡುವವರು, ಬಾರಿಸುವವರು ಕೂಡ ಇದರಿಂದ ತಪ್ಪಿಸಿಕೊಂಡಿಲ್ಲ. 'ದಿ ಹೂ' ಎಂಬ ಇಂಗ್ಲೆಂಡಿನ ವಾದ್ಯತಂಡ 1976ರಲ್ಲಿ ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ನಡೆಸಿದ ಕಛೇರಿ ಅತಿ ಜೋರಿನದೆಂದು ಗಿನ್ನೆಸ್ ಪುಸ್ತಕ ಸೇರಿತ್ತು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಮುಂದೆ ಕಿವಿ ಮಂದವಾಗಿ, ಒಳಗೆ ನಿಲ್ಲದ ಗುಂಯ್ ಸದ್ದಿನಿಂದ ನರಳಿದರು. ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡಿದ್ದೇ ಮುಖ್ಯ ಕಾರಣವೆಂದು ಅವರೇ ಹೇಳಿಕೊಂಡರು. ಗಿನ್ನೆಸ್‌ನವರು ಆಮೇಲೆ 'ಅತಿ ಜೋರಿನ ತಂಡ' ಎಂಬ ದಾಖಲೆಯನ್ನೇ ಕೈಬಿಟ್ಟರು, ಕಿವಿ ಕೆಡಿಸಿಕೊಳ್ಳಲು ಪ್ರೋತ್ಸಾಹ ಕೊಟ್ಟಂತಾಗಬಾರದು ಎಂದು.

ನಮ್ಮ ಹಿಂದಿ ಚಿತ್ರಗಳ ಗಾಯಕಿ ಅಲ್ಕಾ ಯಾಗ್ನಿಕ್ ಅವರು 2024ರ ಜೂನ್‌ನಲ್ಲಿ ತಮಗೆ ಒಮ್ಮೆಗೇ ಕಿವಿ ಕೇಳದಾಯಿತೆಂದು ತಿಳಿಸಿದರು. ಅವರಿಗೆ ಬಂದದ್ದು ವೈರಸ್ಸಿನ ಹೊಡೆತದಿಂದ. ಆದರೂ ಆ ಹೊತ್ತಿನಲ್ಲಿ ಅವರು ಅಭಿಮಾನಿಗಳಿಗೆ ಹೇಳಿದ ಬುದ್ಧಿಮಾತು ಜೋರು ಸಂಗೀತ ಮತ್ತು ಹೆಡ್‌ಫೋನ್ ಬಗ್ಗೆ ಎಚ್ಚರವಾಗಿರಿ ಎಂಬುದೇ.

ಗುಂಯ್‌ಗುಡುವ ಕಿವಿಗೆ ಮಾತ್ರೆ ಇಲ್ಲ

ಮೊಮ್ಮಗ ವೈದ್ಯರನ್ನು ಕೇಳಿದ ಒಂದೇ ಪ್ರಶ್ನೆ, "ಈ ಸದ್ದು ಯಾವಾಗ ಹೋಗುತ್ತೆ ಡಾಕ್ಟ್ರೇ?" ಎಂದು.

ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಈ ಸದ್ದಿಗೆ ಟಿನಿಟಸ್ ಎಂದು ಹೆಸರು. ಹೊರಗೆ ಸದ್ದಿಲ್ಲದಿದ್ದರೂ ಕಿವಿಗೆ ಕೇಳುತ್ತದೆ. ರೋಮಕೋಶಗಳಿಂದ ಬರಬೇಕಾದ ಸಂದೇಶ ನಿಂತಾಗ ಮಿದುಳು ಆ ಖಾಲಿ ಜಾಗವನ್ನು ತಾನೇ ಒಂದು ಸದ್ದಿನಿಂದ ತುಂಬಿಕೊಳ್ಳುತ್ತದೆ ಎಂದು ತಿಳಿದವರು ವಿವರಿಸುತ್ತಾರೆ. ಕೆಲವರಿಗೆ ದಿನಗಳಲ್ಲಿ ಹೋಗುತ್ತದೆ, ಕೆಲವರಿಗೆ ತಿಂಗಳುಗಳಲ್ಲಿ ತಗ್ಗುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಇದನ್ನು ಕಿತ್ತುಹಾಕುವ ಮಾತ್ರೆ ಇಲ್ಲ. ಇದೆ ಎಂದು ಜಾಹೀರಾತು ಕೊಡುವವರಿಗೆ ದುಡ್ಡು ಕೊಡಬೇಡಿ ಎಂದರು. ಅದರ ಜೊತೆ ಬದುಕುವುದನ್ನು ಕಲಿಸುವ ಚಿಕಿತ್ಸೆ ಇದೆ. ಮಲಗುವಾಗ ತೀರಾ ನಿಶ್ಶಬ್ದ ಬೇಡ, ಫ್ಯಾನಿನಂಥ ಮೆಲ್ಲನೆಯ ಸದ್ದು ಇರಲಿ. ಇಯರ್‌ಫೋನ್ ಮಾತ್ರ ಬೇಡ.

"ಆ ದಿನವೇ ಬರಬೇಕಾಗಿತ್ತು" ಎಂದೂ ಹೇಳಿದರು. ಈ ಮಾತನ್ನು ಎಲ್ಲರೂ ನೆನಪಿಡಿ. ಒಂದು ಕಿವಿ ದಿಢೀರನೆ ಕೇಳದಾದರೆ ಅದು ತುರ್ತು ಪರಿಸ್ಥಿತಿ. ಕಣ್ಣು ಕಾಣದಾದರೆ ಓಡುವುದಿಲ್ಲವೇ, ಹಾಗೇ ಓಡಬೇಕು. ಮೊದಲ ಕೆಲವು ದಿನಗಳಲ್ಲೇ ಔಷಧಿ ಸಿಕ್ಕರೆ ಉಳಿಯುವ ಅವಕಾಶ ಹೆಚ್ಚು. ನಾಳೆ ನೋಡೋಣ, ನೀರು ಹೋಗಿರಬೇಕು, ಎರಡು ತೊಟ್ಟು ಬಿಸಿ ಎಣ್ಣೆ ಬಿಡೋಣ ಎಂದು ವಾರ ಕಳೆಯಬಾರದು. ಎಣ್ಣೆ ಬಿಡುವ ಅಜ್ಜಿಯರು ಕೋಪಿಸಿಕೊಳ್ಳಬೇಡಿ, ನನ್ನಾಕೆಗೂ ಇದೇ ಮಾತು ಹೇಳಿ ಬೈಸಿಕೊಂಡಿದ್ದೇನೆ.

ಹುಡುಗ ಏಕೆ ಹೇಳಲಿಲ್ಲ? ವಾಪಸ್ಸು ಬರುವಾಗ ಆಟೋದಲ್ಲಿ ಕೇಳಿದೆ. "ಹೇಳಿದ್ರೆ ಎಲ್ರೂ ಬೈತೀರ, ಡಿಜೆ ಮುಂದೆ ಯಾಕೆ ಕುಣಿದೆ ಅಂತ" ಎಂದ. ಅದು ನನಗೆ ನಾಟಿತು. ನಾನೇ ಕಿವಿ ಮಂದವಾದದ್ದನ್ನು ಐದು ವರ್ಷ ಮುಚ್ಚಿಟ್ಟವನು. ಯಂತ್ರ ಹಾಕಿದರೆ ಮುದುಕ ಎನ್ನುತ್ತಾರೆಂದು ನಾಚಿಕೊಂಡವನು. ಕೇಳಿಸದಿದ್ದರೂ ಕೇಳಿಸಿದಂತೆ ತಲೆಯಾಡಿಸಿ, ಮದುವೆ ಮುಂಜಿಗಳಲ್ಲಿ ಮೂಲೆಯ ಕುರ್ಚಿ ಹುಡುಕಿಕೊಂಡು ಕೂತವನು. ತಾತನ ಗುಣ ಮೊಮ್ಮಗನಿಗೆ ಬಂದಿದೆ ಎಂದು ನನ್ನಾಕೆ ಅಂದದ್ದು ನಿಜವೇ. ಹಾಗಾಗಿ ಹಿರಿಯರಲ್ಲಿ ಒಂದು ಬೇಡಿಕೆ: ಮಕ್ಕಳು ಇಂಥದ್ದು ಹೇಳಿಕೊಂಡಾಗ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬೈಯುವುದಿದ್ದರೆ ಆಮೇಲೆ ಬೈಯಿರಿ.

ಮನೆಯಲ್ಲಿ ಪಾಲಿಸಲು ಕೆಲವು ಮಾತು

ವೈದ್ಯರು ಹೇಳಿದ್ದು, ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಪುಟ್ಟಿ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದಾಳೆ. ಅದು ಇಲ್ಲಿದೆ.

1. ಮೊಬೈಲಿನ ಸದ್ದು ಅರವತ್ತು ಪಾಲಿಗಿಂತ ಮೇಲೆ ಹೋಗಬಾರದು. ಒಂದು ಗಂಟೆ ಕೇಳಿದ ಮೇಲೆ ಕಿವಿಗೆ ಬಿಡುವು ಕೊಡಬೇಕು.

2. ಸದ್ದನ್ನು ಮನೆಯೊಳಗೆ, ನಿಶ್ಶಬ್ದದಲ್ಲಿ ಹೊಂದಿಸಿಕೊಂಡು ಹೊರಡಬೇಕು. ಬಸ್ಸಿನಲ್ಲಿ ಏರಿಸಬಾರದು. ಹೊರಗಿನ ಸದ್ದು ತಡೆಯುವ ಹೆಡ್‌ಫೋನ್ ಆದರೆ ಏರಿಸುವ ಅಗತ್ಯ ಕಡಿಮೆ.

3. ಪಕ್ಕದಲ್ಲಿ ಕೂತವರಿಗೆ ನಿಮ್ಮ ಇಯರ್‌ಫೋನಿನ ಹಾಡು ಕೇಳುತ್ತಿದ್ದರೆ ಅದು ಅತಿಯಾಯಿತು. "ಸದ್ದು ಹೆಚ್ಚಾಗಿದೆ" ಎಂದು ಫೋನೇ ಎಚ್ಚರಿಸಿದಾಗ ಸರಿ ಎಂದು ಒತ್ತಿ ಮುಂದೆ ಹೋಗಬಾರದು.

4. ಕೈಚಾಚಿದಷ್ಟು ದೂರದಲ್ಲಿರುವವರ ಜೊತೆ ಕೂಗಿ ಮಾತಾಡಬೇಕಾಗಿ ಬಂದರೆ ಆ ಜಾಗ ಕಿವಿಗೆ ಅಪಾಯ. ಸ್ಪೀಕರಿನಿಂದ ದೂರ ಸರಿಯಿರಿ, ನಡುನಡುವೆ ಹೊರಗೆ ಹೋಗಿ ಬನ್ನಿ.

5. ಮೆರವಣಿಗೆ, ಸಂಗೀತ ಮೇಳಗಳಿಗೆ ಹೋಗುವಾಗ ಸ್ಪಂಜಿನ ಕಿವಿಬಿರಡೆ ಹಾಕಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಹತ್ತಿ ಉಂಡೆ ಅಷ್ಟು ತಡೆಯುವುದಿಲ್ಲ.

6. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ, ರೈಲು ಹಳಿಯ ಹತ್ತಿರ ಕಿವಿಯಲ್ಲಿ ಏನೂ ಇರಬಾರದು. ಹಿಂದಿನಿಂದ ಬರುವ ಗಾಡಿಯನ್ನು ಕಣ್ಣಿಗಿಂತ ಮೊದಲು ತಿಳಿಸುವುದೇ ಕಿವಿ. ಈಗ ಬ್ಯಾಟರಿ ಗಾಡಿಗಳಿಗೆ ಸದ್ದೂ ಕಡಿಮೆ.

7. ಕಿವಿಗೆ ಕಡ್ಡಿ, ಪಿನ್ನು, ಬೀಗದ ಕೈ ಹಾಕಬಾರದು. (ಇದರ ಮುಂದೆ ಪುಟ್ಟಿ 'ತಾತ' ಎಂದು ಬರೆದು ಗೆರೆ ಎಳೆದಿದ್ದಾಳೆ.)

ಇನ್ನು ಊರಿನ ಮಾತು. ಸರ್ಕಾರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧವಿದೆ. ಹಲವು ಜಿಲ್ಲೆಗಳಲ್ಲಿ ಅಧಿಕಾರಿಗಳು ಹಬ್ಬದ ಮೆರವಣಿಗೆಯಲ್ಲಿ ಡಿಜೆಯನ್ನೇ ನಿಷೇಧಿಸುತ್ತಾರೆ. ಆಗ "ಹಬ್ಬಕ್ಕೆ ಅಡ್ಡಿ" ಎಂದು ಗೊಣಗುವ ಬದಲು ಡೊಳ್ಳು, ನಾದಸ್ವರ ಕರೆಸಿದರೆ ಗಣಪನಿಗೂ ಖುಷಿ. ಅವನ ಕಿವಿಯೇ ಎಲ್ಲಕ್ಕಿಂತ ದೊಡ್ಡದಲ್ಲವೇ? ಡೊಳ್ಳಿನ ಸದ್ದೂ ಸಣ್ಣದೇನಲ್ಲ, ಅದರಿಂದಲೂ ಹತ್ತು ಹೆಜ್ಜೆ ದೂರ ನಿಂತೇ ನೋಡಿ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಟಿ.ವಿ. ಸದ್ದನ್ನು ಏರಿಸುತ್ತಲೇ ಹೋಗುವ ಬದಲು ಪರೀಕ್ಷೆ ಮಾಡಿಸಿಕೊಳ್ಳಿ. ಕಿವಿ ಮಂದವಾದದ್ದನ್ನು ಹಾಗೇ ಬಿಟ್ಟರೆ ಮರೆವಿನ ರೋಗದ ಅಪಾಯವೂ ಹೆಚ್ಚುತ್ತದೆಂದು ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯ ತಜ್ಞರ ಸಮಿತಿ ಹೇಳಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡಿಕೊಂಡು ಬರುತ್ತಿದೆ, ದೇಶದ ನಾನಾ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ. ಮಾರ್ಚ್ 3 ವಿಶ್ವ ಶ್ರವಣ ದಿನ. ಆ ದಿನ ಮನೆಮಂದಿಯೆಲ್ಲ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಒಳ್ಳೆಯದು.

ಪುಟ್ಟಿಯ ಪಿಸುಮಾತು

ಮಕ್ಕಳೇ, ನಮ್ಮ ಮನೆಯಲ್ಲಿ ಪುಟ್ಟಿ ಈಗ ಒಂದು ಆಟ ಶುರುಮಾಡಿದ್ದಾಳೆ. ನೀವೂ ಆಡಬಹುದು. ಅಜ್ಜನನ್ನೋ ಅಣ್ಣನನ್ನೋ ಕುರ್ಚಿಯಲ್ಲಿ ಕೂರಿಸಿ, ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಲು ಹೇಳಿ. ನೀವು ಅವರ ಬೆನ್ನ ಹಿಂದೆ ಒಂದು ತೋಳಿನಷ್ಟು ದೂರ ನಿಲ್ಲಿ, ತುಟಿ ಕಾಣಬಾರದು. ಉಸಿರು ಬಿಟ್ಟು ಮೆಲ್ಲಗೆ ಮೂರು ಅಂಕಿಗಳನ್ನು ಪಿಸುಗುಟ್ಟಿ. ಅವರು ತಿರುಗಿ ಹೇಳಬೇಕು. ಇನ್ನೊಂದು ಕಿವಿಗೂ ಹೀಗೇ. ಪದೇಪದೇ ತಪ್ಪಿದರೆ ವೈದ್ಯರಿಗೆ ತೋರಿಸಬೇಕು ಎಂದು ಅರ್ಥ. ವೈದ್ಯರೂ ಹೀಗೆ ಪಿಸುಮಾತಿನಲ್ಲಿ ಪರೀಕ್ಷಿಸುವುದುಂಟು.

ಸಂಕ್ರಾಂತಿಗೆ ಮೊಮ್ಮಗ ಮತ್ತೆ ಬಂದಿದ್ದ. ಜೇಬಿನಲ್ಲಿ ಸಣ್ಣ ಡಬ್ಬಿ, ಅದರಲ್ಲಿ ಸ್ಪಂಜಿನ ಬಿರಡೆ. ಗೆಳೆಯರು ಮೊದಲು ತಮಾಷೆ ಮಾಡಿದರಂತೆ. ಇವನು ತನ್ನ ಕಾಗದದ ಹಳ್ಳ ತೋರಿಸಿದ ಮೇಲೆ ಇಬ್ಬರು ತಾವೂ ಹೋಗಿ ಪರೀಕ್ಷೆ ಮಾಡಿಸಿಕೊಂಡರಂತೆ. ಬಸ್ಸಿನಲ್ಲಿ ಈಗ ಹಾಡು ಕೇಳುವುದು ಅರ್ಧ ದಾರಿ ಮಾತ್ರ, ಉಳಿದರ್ಧ ಕಿಟಕಿ. ಗುಂಯ್ ಸದ್ದು ಹೋಗಿದೆಯೇ ಎಂದು ಕೇಳಿದೆ. "ಇಲ್ಲ ತಾತ. ಸ್ವಲ್ಪ ಕಮ್ಮಿ ಅನ್ಸುತ್ತೆ. ಇಲ್ಲಾ, ನನಗೇ ಅಭ್ಯಾಸ ಆಗಿರಬೇಕು" ಎಂದ. ಅವನ ಕಾಗದದ ಹಳ್ಳ ಹಾಗೇ ಇದೆ. ಅದು ತುಂಬುವುದಿಲ್ಲ. ಇನ್ನೂ ಆಳವಾಗದಂತೆ ನೋಡಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ.

ಎಳ್ಳು ಬೀರಲು ಹೊರಡುವ ಮುಂಚೆ ಪುಟ್ಟಿ ನಮ್ಮಿಬ್ಬರನ್ನೂ ಪಕ್ಕಪಕ್ಕ ಕೂರಿಸಿ ಪರೀಕ್ಷೆ ಮಾಡಿದಳು. ನಾನು ಯಂತ್ರ ಹಾಕಿಕೊಂಡಿದ್ದೆ, ಮೂರಕ್ಕೆ ಮೂರೂ ಸರಿ. ಅವನು ಒಂದು ತಪ್ಪಿದ. ಏಳು ಎಂದದ್ದನ್ನು ಸರಿಯಾಗಿ ಹೇಳಿದ, ಆರನ್ನೂ ಸರಿಯಾಗಿ ಹೇಳಿದ. "ಸೊನ್ನೆ" ಎಂದದ್ದು ಅವನಿಗೆ "ಒಂದೇ" ಎಂದು ಕೇಳಿತು. ಪುಟ್ಟಿ ಈ ಸಲ ಕುಣಿಯಲಿಲ್ಲ. ಅವನ ಹತ್ತಿರ ಬಂದು, ಕಿವಿಯ ಪಕ್ಕಕ್ಕೆ ಬಾಯಿಟ್ಟು, ಇನ್ನೊಮ್ಮೆ ನಿಧಾನವಾಗಿ ಹೇಳಿದಳು.

ಒಳಗಿನಿಂದ ನನ್ನಾಕೆ ಏನೋ ಕೂಗಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎದ್ದು ಅಡುಗೆಮನೆಯ ಬಾಗಿಲಿಗೇ ಹೋಗಿ "ಏನು ಬೇಕು, ಸರಿಯಾಗಿ ಹೇಳು" ಎಂದು ನಿಂತೆವು.

ಸೊಪ್ಪೇ ಬೇಕಾಗಿತ್ತು.